ಒಲೆಯ ಕಿವಿ ಮತ್ತು ಏಳು ಅಂಕಿಗಳು

ಹೊಸದಾಗಿ ಒಲೆಯ ಕೆಲಸಕ್ಕೆ ಸೇರಿದ ಮೂವರು ಹುಡುಗಿಯರು ಹೋದ ತಿಂಗಳು ಇಂಡಿ ಊರಿನ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದಾದ ಮೇಲೆ ಅವರಲ್ಲಿ ಒಬ್ಬಳು ಮೊಬೈಲು ತೆಗೆದು ಹಿಡಿದು, "ಅಕ್ಕಾರ, ರೊಟ್ಟಿಗೆ ಎಷ್ಟು, ಬ್ಯಾಳಿಗೆ ಎಷ್ಟು, ಜಳಕದ ನೀರಿಗೆ ಎಷ್ಟು ಅಂತ ಒಂದೊಂದ ನಂಬರ್ ಹೇಳ್ರಿ, ಬರಕೊಂತೇವಿ" ಎಂದಳು. ಹೇಳಲು ಬಾಯಿ ತೆರೆದೆ, ನಂಬರು ಬರಲಿಲ್ಲ. ಅದರ ಬದಲು ಒಂದೊಂದೇ ಅಡುಗೆಮನೆ ಕಣ್ಣ ಮುಂದೆ ಬಂತು. ಮಾಳಿಗೆಯ ಬೆಳಕಿಂಡಿಯಿಂದ ಇಳಿದು ನೆಲದ ಮೇಲೆ ನಿಂತ ಬಿಸಿಲಿನ ತುಂಡು, ಅದರೊಳಗೆ ಅವಸರವಿಲ್ಲದೆ ಸುತ್ತುವ ನೀಲಿ ಹೊಗೆ, ರೊಟ್ಟಿ ಬಡಿಯುವ ಕೈಗಳ ಸದ್ದು. ಅವರಿಗೆ ಏನೋ ಎರಡು ಮಾತು ಹೇಳಿ ಕಳಿಸಿದೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಹಸೀನಾ. ನಾನು ಗೌಂಡಿಯ ಮಗಳು. ಅಪ್ಪ ಗೋಡೆ ಕಟ್ಟುತ್ತಿದ್ದರೆ ನಾವು ಅಕ್ಕತಂಗಿಯರು ಮಣ್ಣು ತುಳಿದು ಹದ ಮಾಡಿ ಕೊಡುತ್ತಿದ್ದೆವು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ಸಿಂದಗಿಯಲ್ಲಿ ಕಚೇರಿ ಇದ್ದ ಒಂದು ಸೇವಾ ಸಂಸ್ಥೆಯವರು ಹಳ್ಳಿಗಳಲ್ಲಿ ಹೊಗೆಯಿಲ್ಲದ ಮಣ್ಣಿನ ಒಲೆ ಹಾಕಿಸಲು ಹೆಣ್ಣುಮಕ್ಕಳನ್ನು ಹುಡುಕುತ್ತಿದ್ದಾರೆಂದು ತಿಳಿಯಿತು. ಗಂಡಸರು ಬೇರೆಯವರ ಅಡುಗೆಮನೆಯಲ್ಲಿ ತಾಸುಗಟ್ಟಲೆ ಕೂರುವಂತಿಲ್ಲವಲ್ಲ. "ಮಣ್ಣು ಕಲಸಾಕ ಬರ್ತೈತೇನವಾ?" ಎಂದು ಕೇಳಿದರು. ಬರುತ್ತದೆ ಎಂದೆ. ಅಷ್ಟೇ ನನ್ನ ಸಂದರ್ಶನ. ಅಂದಿನಿಂದ ನಿವೃತ್ತಿಯವರೆಗೆ ಅದೊಂದೇ ಕೆಲಸ. ಹುದ್ದೆಯ ಹೆಸರು ಮೂರು ಸಲ ಬದಲಾಯಿತು. ಊರವರಿಗೆ ಮಾತ್ರ ನಾನು ಕೊನೆಯವರೆಗೂ "ಒಲಿ ಅಕ್ಕಾರು".

ಮೊದಮೊದಲು ಕೆಲವು ಮನೆಗಳಲ್ಲಿ ನಾನು ಒಳಗೆ ಬರಬಹುದೋ ಬಾರದೋ ಎಂಬ ಅನುಮಾನ ಇರುತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮನೆಯ ಅಜ್ಜಿ ಸುಮ್ಮನೆ ಹೊಸ್ತಿಲ ಹೊರಗೆ ಚಾಪೆ ಹಾಸುತ್ತಿದ್ದಳು. ನಾನು ಅಲ್ಲೇ ಕುಳಿತು, "ನೀವ ಕಟ್ರಿ ಅಮ್ಮಾ, ನಾ ಇಲ್ಲಿಂದ ಹೇಳ್ತೇನಿ" ಎನ್ನುತ್ತಿದ್ದೆ. ಒಲೆಯ ಎರಡನೆಯ ಬಾಯಿಗೆ ಬರುವಷ್ಟರಲ್ಲಿ ಮಣ್ಣು ಕುಸಿಯುತ್ತಿತ್ತು. "ಅಲ್ಲೇ ಏನ್ ಕುಂತೀ, ಒಳಗ ಬಾ, ಕೈ ಹಚ್ಚು" ಎಂದು ಅದೇ ಅಜ್ಜಿ ಗದರುತ್ತಿದ್ದಳು. ಒಮ್ಮೆ ಕೈಗೆ ಮಣ್ಣು ಮೆತ್ತಿದ ಮೇಲೆ ಯಾರ ಕೈ ಯಾವುದೆಂದು ಗೊತ್ತಾಗುವುದಿಲ್ಲ.

ಒಲೆಯ ಮಾತು ಕೇಳುವುದನ್ನು ನನಗೆ ಕಲಿಸಿದವಳು ದೇವಣಗಾಂವದ ಗುರಬಸವ್ವ. ಭೀಮೆಯ ದಂಡೆಯ ಊರು. ಆಗಲೇ ಎಪ್ಪತ್ತು ದಾಟಿದ ಮುದುಕಿ, ಕಣ್ಣು ಮಂಜಾಗಿದ್ದವು. "ಕಣ್ಣು ಹೊಗಿಗೆ ಕೊಟ್ಟೇನಿ ತಂಗಿ, ಕಿವಿ ಉಳದಾವ" ಎಂದು ನಗುತ್ತಿದ್ದಳು. ನಾನು ಕಟ್ಟಿದ ಒಲೆಯ ಮುಂದೆ ಬಂದು ಕುಳಿತು, ಸೆರಗು ಸರಿಸಿ, ತಲೆ ಒಂದು ಕಡೆಗೆ ವಾಲಿಸಿ ಕೇಳಿದಳು. ಆಮೇಲೆ ನನ್ನ ತಲೆಯನ್ನೂ ಹಿಡಿದು ಅದೇ ಕಡೆಗೆ ವಾಲಿಸಿದಳು.

"ಗುರ್ ಅಂದ್ರ ಗಾಳಿ ಭಾಳ ಆಗೇತಿ, ಕಟ್ಟಿಗಿ ದಂಡ. ಸುಂಯ್ ಅಂದ್ರ ಬರೋಬ್ಬರಿ. ಪೂರಾ ಸುಮ್ಮನಾತಂದ್ರ ನೀ ಸುಮ್ಮನ ಕುಂಡ್ರಬ್ಯಾಡ. ಎದ್ದು ನೋಡು."

ಅಂದು ಮಧ್ಯಾಹ್ನವೆಲ್ಲ ನಾವಿಬ್ಬರೂ ಅಲ್ಲೇ ಕುಳಿತಿದ್ದೆವು. ಹೊಳೆಯ ಕಡೆಯ ಗಾಳಿ ಒಲೆಯ ಹೊಗೆ ಪೈಪಿನೊಳಗೆ ಇಳಿದು ಏರಿ, ಯಾರೋ ದೂರದಲ್ಲಿ ಜೋಗುಳ ಹಾಡಿದ ಹಾಗೆ ಕೇಳುತ್ತಿತ್ತು. ಗುರಬಸವ್ವ ಕೇಳುತ್ತ ಕೇಳುತ್ತಲೇ ಗೋಡೆಗೆ ಒರಗಿ ನಿದ್ದೆ ಹೋದಳು. ಒಲೆ ಸುಂಯ್ ಎನ್ನುತ್ತಲೇ ಇತ್ತು.

ಕಬ್ಬಿಣದ ಒಲೆಗಳು ಬಂದದ್ದು ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ. ಆ ಹೊತ್ತಿಗೆ ಹೆಚ್ಚಿನ ಮನೆಗಳಿಗೆ ಗ್ಯಾಸು ಬಂದಿತ್ತು. ಚಹಾ, ಪಲ್ಯ ಅದರ ಮೇಲೆ. ರೊಟ್ಟಿ, ಜಳಕದ ನೀರು ಮಾತ್ರ ಕಟ್ಟಿಗೆಯ ಮೇಲೆಯೇ. ಹೊಸ ಒಲೆಗೆ ಮುಂದೊಂದು ಬಾಗಿಲು, ಹಿಂದೆ ಹೊಗೆ ಪೈಪು, ಪಕ್ಕದಲ್ಲಿ ಒಂದು ಗುಂಡಿ. ಗುಂಡಿಯ ಸುತ್ತ ಒಂದರಿಂದ ಏಳರವರೆಗೆ ಅಂಕಿಗಳು. ಅದಕ್ಕೆ ಥರ್ಮೋಸ್ಟಾಟ್ ಎಂದು ಹೆಸರು. ಒಳಗೆ ಗಡಿಯಾರದ ಸ್ಪ್ರಿಂಗಿನಂಥ ಒಂದು ಸುರುಳಿ. ಒಲೆ ಕಾದರೆ ಆ ಸುರುಳಿ ಹಿಗ್ಗಿ, ಗಾಳಿ ಬರುವ ಕಿಂಡಿಯ ಮುಚ್ಚಳವನ್ನು ತಾನೇ ಇಳಿಸುತ್ತದೆ. ಒಲೆ ತಣ್ಣಗಾದರೆ ಮತ್ತೆ ಎತ್ತುತ್ತದೆ. ಏಳಕ್ಕೆ ಇಟ್ಟರೆ ಗಾಳಿ ಧಾರಾಳ, ಒಂದಕ್ಕೆ ಇಟ್ಟರೆ ಉಸಿರಿನಷ್ಟು. ಹೆಣ್ಣುಮಕ್ಕಳು ಆ ಗುಂಡಿಗೆ "ಕಿವಿ" ಎಂದು ಕರೆದರು. "ಅದರ ಕಿವಿ ಸ್ವಲ್ಪ ಹಿಂಡ್ರಿ, ಭಾಳ ಉರಿಯಾಕತ್ತೇತಿ" ಎನ್ನುವುದು ಅಡುಗೆಮನೆಯ ಮಾತಾಯಿತು. ಇದಲ್ಲದೆ, ಪೈಪಿನ ಒಳಗೆ ತಿರುಗುವ ಒಂದು ದುಂಡು ತಗಡು ಇತ್ತು. ಅದನ್ನು ಅಡ್ಡ ತಿರುಗಿಸಿದರೆ ಬಿಸಿ ಮೇಲೆ ಹೋಗದೆ ಒಲೆಯಲ್ಲೇ ಉಳಿಯುತ್ತದೆ. ಈ ತಗಡನ್ನು ನೆನಪಿಟ್ಟುಕೊಳ್ಳಿ.

ನಮ್ಮ ಮೇಲಿನವರು ಪಾಟೀಲ ಸರ್. ಎಂಜಿನಿಯರು, ಪ್ರಾಮಾಣಿಕ ಮನುಷ್ಯ, ಪಟ್ಟಿಗಳ ಮೇಲೆ ಬಹಳ ಪ್ರೀತಿ. ಕಚೇರಿಯ ಹಿತ್ತಲಲ್ಲಿ ಒಂದು ಒಲೆ ಇಟ್ಟು, ಹದಿನೈದು ದಿನ ತಾವೇ ಉರಿಸಿ ನೋಡಿ, ಬಣ್ಣದ ಪಟ್ಟಿ ಮಾಡಿಸಿದರು. ರೊಟ್ಟಿಗೆ ಆರು, ನೀರಿಗೆ ನಾಲ್ಕು, ಬೇಳೆಗೆ ಮೂರು, ಹಾಲಿಗೆ ಎರಡು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಮನೆಮನೆಯ ಗೋಡೆಗೆ ಹಚ್ಚಿದೆವು.

ಹಲಸಂಗಿಯ ನೀಲವ್ವ ಕಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳು. ಮರುವಾರ ಹೋದಾಗ ಒಂದು ಬುಟ್ಟಿ ಕರಕಾದ ರೊಟ್ಟಿ ನನ್ನ ಮುಂದೆ ಇಟ್ಟಳು. ಗುಂಡಿ ತಿರುಗದ ಹಾಗೆ ದಾರ ಕಟ್ಟಿ ಮೊಳೆಗೆ ಬಿಗಿದಿದ್ದಳು.

"ಆರರ ಮ್ಯಾಲ ಇಟ್ರ ಹಿಂಗ ಆಗೇತ್ರಿ. ನಾಕಕ್ಕ ಇಟ್ರ ಹಸೇದು ಉಳೀತಾವ. ಈ ಕಿವಿ ನನ್ನ ಮಾತು ಕೇಳವಲ್ದು."

"ಕಟ್ಟಿಗಿ ಯಾವುದು ಹಾಕೀ?"

"ತೊಗರಿ ಕಟ್ಟಿಗಿರಿ. ನಮ್ಮ ಹೊಲದಾಗ ಮತ್ತೇನ್ ಬೆಳೀತೈತಿ?"

ಪಾಟೀಲ ಸರ್ ಕಚೇರಿಯ ಹಿತ್ತಲಲ್ಲಿ ಉರಿಸಿದ್ದು ಜಾಲಿ ಕೊರಡು. ಜಾಲಿ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ತೊಗರಿ ಕಡ್ಡಿ ಹಾಗಲ್ಲ; ಭಗ್ ಎಂದು ಹತ್ತಿ, ಸುರುಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಬೂದಿಯಾಗಿರುತ್ತದೆ. ಆ ದಿನ ನಾನೂ ನೀಲವ್ವನೂ ಮೂರು ತಾಸು ಕುಳಿತೆವು. ದಾರಿ ಕಂಡುಹಿಡಿದವಳು ಅವಳೇ. ಬುಡಕ್ಕೆ ಒಂದೇ ಒಂದು ಜಾಲಿ ತುಂಡು ಇಟ್ಟು, ಕಿವಿಯನ್ನು ಮೂರರಲ್ಲಿ ನಿಲ್ಲಿಸಿ, ರೊಟ್ಟಿಗೊಂದು ಹಿಡಿಯಂತೆ ತೊಗರಿ ಕಡ್ಡಿ ಕೊಡುತ್ತ ಹೋದಳು. ರೊಟ್ಟಿಗಳು ಒಂದಾದ ಮೇಲೊಂದು ಬೆಳದಿಂಗಳ ಬಣ್ಣಕ್ಕೆ ಬಂದು ಉಬ್ಬಿದವು. ಅಂದಿನಿಂದ ನಾನು ಪಟ್ಟಿ ಹಚ್ಚುವುದನ್ನು ಬಿಟ್ಟು, ಸುಣ್ಣದ ಕಡ್ಡಿಯಿಂದ ಆಯಾ ಮನೆಯ ಗೋಡೆಯ ಮೇಲೇ ಬರೆಯತೊಡಗಿದೆ: ಜಾಲಿಗೆ ಇಷ್ಟು, ತೊಗರಿಗೆ ಇಷ್ಟು, ಸಗಣಿಯ ಕುಳ್ಳಿಗೆ ಇಷ್ಟು.

"ಹಂಗಾದ್ರ ಮನಿಗೊಂದು ಪಟ್ಟಿ ಮಾಡಬೇಕಾತಲ್ರಿ ಹಸೀನಾ ಬಾಯಿ?" ಎಂದರು ಪಾಟೀಲ ಸರ್, ಬೇಸರದಿಂದ.

"ಹೌದ್ರಿ ಸರ್. ಮನಿಗೊಂದು."

ನಿಡಗುಂದಿಯಲ್ಲಿ ಆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಅಂದು ಬಂದಿರಲಿಲ್ಲ. ಅದು ಕಾಲುವೆಯ ನೀರಿನ ಸೀಮೆ. ಹಸಿ ಕಟ್ಟಿಗೆಯನ್ನೇ ತಂದು ಉರಿಸುತ್ತಿದ್ದರು. "ಕಟ್ಟಿಗೆ ಉಳಿಯಲಿ" ಎಂದು ಆ ಮನೆಯ ಅತ್ತೆ ಕಿವಿಯನ್ನು ಒಂದೂವರೆಯಲ್ಲಿ ಇಡುತ್ತಿದ್ದಳು. ನಾನೂ ಭೇಷ್ ಎಂದಿದ್ದೆ. ಹಸಿ ಕಟ್ಟಿಗೆಗೆ ಗಾಳಿ ಕಡಿಮೆಯಾದರೆ ಹೊಗೆ ತಣ್ಣಗಾಗಿ ಪೈಪಿನೊಳಗೆ ಡಾಂಬರಿನಂತೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯ ಒಂದು ದಿನ ಅತ್ತೆ-ಸೊಸೆ ಮಾಳಿಗೆಯ ಮೇಲೆ ಹಾಸಿಗೆಯಷ್ಟಗಲ ಶಾವಿಗೆ ಒಣಹಾಕಿದ್ದರು. ಬಿಸಿಲಿಗೆ ಆ ಡಾಂಬರು ಕರಗಿ, ಪೈಪಿನ ಕೀಲಿನಿಂದ ಜಿನುಗಿ, ಬಿಳಿ ಶಾವಿಗೆಯ ನಟ್ಟನಡುವೆ ಕಪ್ಪು ಹಳ್ಳವಾಗಿ ಹರಿಯಿತು. ನಾನು ಬಸ್ಸಿಳಿದು ಹೋದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬರ್ರಿ ಅಕ್ಕಾರ, ಬರ್ರಿ. ನಿಮ್ಮ ಒಲಿ ಶಾವಿಗಿಗೆ ಕಾಡಿಗಿ ಹಚ್ಚೇತಿ, ನೋಡ ಬರ್ರಿ."

ಅವತ್ತು ಸಂಜೆಯವರೆಗೆ ಪೈಪು ಬಿಚ್ಚಿ ಕೆರೆದೆ. ಮರುದಿನ ಅವರ ಜೊತೆ ಕುಳಿತು ಹೊಸ ಶಾವಿಗೆ ಹೊಸೆದೆ. ಕಟ್ಟಿಗೆ ಒಣಗಿರಬೇಕು, ಮೊದಲು ಒಲೆ ಚೆನ್ನಾಗಿ ಕಾಯಬೇಕು, ಆಮೇಲೆ ಕಿವಿ ಹಿಂಡಬೇಕು. ಇಷ್ಟನ್ನು ಒಂದು ಹಾಸು ಶಾವಿಗೆ ಕೊಟ್ಟು ಕಲಿತೆ.

ಇಷ್ಟು ತಪ್ಪುಗಳಾದ ಮೇಲೆ ನನಗೆ ಎಲ್ಲ ಬಂತು ಎನ್ನಿಸಿತು. ಬಸವನ ಬಾಗೇವಾಡಿಯ ಕಡೆಯವರೂ ಕೇಳಿಕೊಂಡು ಬರತೊಡಗಿದರು. ಒಲೆಯ ಬಾಗಿಲು ತೆರೆಯದೆ, ಕೇವಲ ನಿಂತು ನೋಡಿ, ಇಂಥ ಅಂಕಿ ಎಂದು ಹೇಳುತ್ತಿದ್ದೆ. ಅದು ಸರಿಯಾಗಿಯೇ ಇರುತ್ತಿತ್ತು. ಈ ಕೆಲಸದಲ್ಲಿ ಹೆದರಬೇಕಾದ ಕಾಲ ಅದೇ.

ಮುದ್ದೇಬಿಹಾಳದಿಂದ ಅರ್ಧ ತಾಸಿನ ದಾರಿಯ ಒಂದು ಹಳ್ಳಿ. ಎಳ್ಳಮವಾಸ್ಯೆ ಕಳೆದು, ಮೂಡಗಾಳಿ ಮೈ ಕೊರೆಯುತ್ತಿದ್ದ ದಿನಗಳು. ಆ ಊರಿನ ಮಲ್ಲವ್ವ ಎಂಬ ತಾಯಿ ಫೋನು ಮಾಡಿದಳು. ಮಗಳು ಶಾಂತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಕೂಸಿಗೆ ಇಪ್ಪತ್ತು ದಿನ. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಟ್ಟು ಕಾಯಿಸುವುದು ನಿಮಗೆ ಗೊತ್ತೇ ಇದೆ. "ಹೊಗಿಗೆ ಕೂಸಿನ ಕಣ್ಣಾಗ ನೀರ ನಿಂದ್ರವಲ್ದು ಅಕ್ಕಾರ. ನಿಮ್ಮ ಒಲಿ ಒಂದು ಬಾಣಂತಿ ಖೋಲ್ಯಾಗ ಇಟ್ಟು ಕೊಡ್ರಿ" ಎಂದಳು.

ಅಡುಗೆಯ ಒಲೆಯನ್ನು ಮಲಗುವ ಕೋಣೆಯಲ್ಲಿ ಇಡಬಾರದೆಂದು ಯಾರೂ ನನಗೆ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಒಲೆ ಹೊತ್ತು ಹೋಗಿ ಇಟ್ಟೆ, ಪೈಪನ್ನು ಗೋಡೆಯ ತೂತಿನಿಂದ ಹೊರಗೆ ತೆಗೆದು ಮೇಲಕ್ಕೆ ನಿಲ್ಲಿಸಿದೆ. ಪಕ್ಕದ ಮನೆಯ ಮಹಡಿ ಎತ್ತರವಾಗಿತ್ತು. ಇನ್ನೊಂದು ತುಂಡು ಪೈಪು ಬೇಕಿತ್ತು, ಅಂದು ನನ್ನ ಬಳಿ ಇರಲಿಲ್ಲ. ಮುಂದಿನ ಸಲ ತಂದರಾಯಿತು ಎಂದುಕೊಂಡೆ. ಜಾಲಿ ಉರಿಸಿ, ಕೆಂಡವಾದ ಮೇಲೆ ಕಿವಿಯನ್ನು ಒಂದಕ್ಕೆ ತಂದೆ. ಬಿಸಿ ಹೊರಗೆ ಹೋಗದಿರಲೆಂದು ಪೈಪಿನ ತಗಡನ್ನು ಪೂರ್ತಿ ಅಡ್ಡ ತಿರುಗಿಸಿದೆ. ಕೋಣೆಯಲ್ಲಿ ಒಂದು ಎಳೆ ಹೊಗೆಯಿಲ್ಲ.

"ಬಿಸಲಾಗ ಕುಂತಂಗ ಆಗ್ತೈತ್ರಿ" ಎಂದಳು ಶಾಂತಾ, ಕೂಸನ್ನು ಎದೆಗೆ ಒತ್ತಿಕೊಂಡು.

"ಮುಂಜಾನಿ ಒಮ್ಮೆ ಹಿಂಗ ಹೊತ್ತಿಸಿ, ಕೆಂಡ ಆದಮ್ಯಾಲ ಒಂದಕ್ಕ ತರ್ರಿ. ಸಂಜಿಗೆ ಆರಿಸಿಬಿಡ್ರಿ. ಈ ತಗಡು ಮಾತ್ರ ಮುಟ್ಟಬ್ಯಾಡ್ರಿ" ಎಂದು ಮಲ್ಲವ್ವನಿಗೆ ಹೇಳಿದೆ. ಆಕೆ ತಲೆಯಾಡಿಸಿದಳು. ನಾನು ಹೇಳಿದ್ದನ್ನು ಆಕೆ ಅಕ್ಷರಶಃ ಪಾಲಿಸಿದಳು.

ಮರುದಿನ ಅದೇ ಊರಿನ ಇನ್ನೊಂದು ಮನೆಯಲ್ಲಿ ಕೆಲಸವಿತ್ತು. ಮುಗಿಸಿಕೊಂಡು ಹನ್ನೆರಡರ ಸುಮಾರಿಗೆ ಇತ್ತ ಬಂದೆ. ಅಂಗಳದ ಬಿಸಿಲಲ್ಲಿ ಮಲ್ಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಎಣ್ಣಿ ಹಚ್ಚಿ ಎರದೇನಿ, ಲೋಬಾನ ಹಾಕೇನಿ. ತಾಯಿ ಮಗಳು ಹಾಯಾಗಿ ಮಲಗ್ಯಾರ. ನೀವು ಕುಂಡ್ರಿ, ಚಾ ಮಾಡ್ತೇನಿ."

ಕುಳಿತೆ. ಆ ಮಧ್ಯಾಹ್ನವನ್ನು ನಾನು ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದೇನೆ. ಚೆಲ್ಲಿದ ಜೋಳದ ಕಾಳಿಗೆ ಗುಬ್ಬಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಹಗ್ಗದ ಮೇಲೆ ಕೂಸಿನ ತಲೆಗೆ ಹಾಕುವ ಕುಂಚಿಗೆ ಗಾಳಿ ತುಂಬಿಕೊಂಡು ಮತ್ತೆ ಜೋತುಬೀಳುತ್ತಿತ್ತು. ಚಹಾದ ಬಿಸಿಗೆ, ಬಿಸಿಲಿಗೆ, ನನಗೂ ಕಣ್ಣು ಎಳೆಯುತ್ತಿತ್ತು. ಅರೆಗಣ್ಣಿನಲ್ಲೇ ಹೊಗೆ ಪೈಪಿನ ತುದಿಯನ್ನು ನೋಡಿದೆ. ಒಲೆ ಉರಿಯುತ್ತಿದ್ದರೆ ಹೊಗೆ ಕಾಣದಿದ್ದರೂ ತುದಿಯಲ್ಲಿ ಗಾಳಿ ನಡುಗುತ್ತಿರುತ್ತದೆ, ಅದರಾಚೆಯ ಗೋಡೆ ನೀರಿನಲ್ಲಿ ಕಂಡಂತೆ ಕಾಣುತ್ತದೆ. ಇಲ್ಲಿ ಗೋಡೆ ನೆಟ್ಟಗೆ ನಿಂತಿತ್ತು. ಗಾಳಿ ಆ ಎತ್ತರದ ಮಹಡಿಗೆ ಬಡಿದು ಕೆಳಗೆ, ಪೈಪಿನ ಬಾಯೊಳಕ್ಕೇ ಇಳಿಯುತ್ತಿತ್ತು. ಕಿವಿಗೊಟ್ಟೆ. ಸುಂಯ್ ಇಲ್ಲ, ಏನೂ ಇಲ್ಲ.

ಎದ್ದು ನೋಡು, ಎಂದಿದ್ದಳು ಗುರಬಸವ್ವ.

ಬಾಗಿಲು ನೂಕಿದೆ. ಒಳಗೆ ಹೊಗೆಯಿರಲಿಲ್ಲ. ಕೊಬ್ಬರಿ ಎಣ್ಣೆಯ, ಲೋಬಾನದ ವಾಸನೆ. ಗಾಳಿ ಸೋಕದಿರಲೆಂದು ಕಿಟಕಿಯ ಸಂದಿಗೆಲ್ಲ ಹಳೆಯ ಸೀರೆ ತುರುಕಿತ್ತು. ಒಲೆಯ ಕೆಂಡ ಕೆಂಪಗೆ, ತೆಪ್ಪಗೆ ಇತ್ತು. ಎಷ್ಟು ಹಿತವಾಗಿ ಬೆಚ್ಚಗಿತ್ತೆಂದರೆ ಅಲ್ಲೇ ಗೋಡೆಗೆ ಒರಗಿ ಕೂತುಬಿಡೋಣ ಎನ್ನಿಸಿತು. ಅಪಾಯ ಅಷ್ಟು ಸುಖವಾಗಿರುವುದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

"ಶಾಂತಾ" ಎಂದೆ. "ಏ ಶಾಂತಾ."

ಭುಜ ಅಲುಗಿಸಿದೆ; ತಲೆ ಇನ್ನೊಂದು ಕಡೆಗೆ ವಾಲಿತು, ಕಣ್ಣು ತೆರೆಯಲಿಲ್ಲ. ಕೂಸಿನ ಕೈ ಎತ್ತಿದೆ. ಬಿಟ್ಟ ಕೂಡಲೇ ಬಿತ್ತು.

ಆಮೇಲಿನದು ನೆನಪಿರುವುದು ತುಂಡುತುಂಡಾಗಿ. ಕೂಸನ್ನು ಎತ್ತಿಕೊಂಡು ಹೊರಗೆ ಓಡಿ ಮಲ್ಲವ್ವನ ಮಡಿಲಿಗೆ ಹಾಕಿದ್ದು, ಜೋಳದ ಮೊರ ಉರುಳಿದ್ದು. ಹೊರಸಿನ ಸಮೇತ ಶಾಂತಾಳನ್ನು ಎಳೆಯಲು ಹೋಗಿ, ಆಗದೆ, ಕಂಕುಳಿಗೆ ಕೈಹಾಕಿ ಹೊಸ್ತಿಲು ದಾಟಿಸಿದ್ದು. ನನ್ನ ಕೂಗಿಗೆ ಓಣಿಯೇ ಬಂದದ್ದು. ಯಾರೋ ಟಂಟಂ ಗಾಡಿ ತಂದರು. ದಾರಿಯುದ್ದಕ್ಕೂ ನಾನು ಕೂಸಿನ ಪಾದ ತಿಕ್ಕುತ್ತ, ಗಾಳಿಗೆ ಮುಖ ಹಿಡಿದು ಕುಳಿತಿದ್ದೆ. ಮುದ್ದೇಬಿಹಾಳದ ಮೊದಲ ಮನೆಗಳು ಕಂಡಾಗ ಕೂಸು ಬೆಕ್ಕಿನ ಮರಿಯಂತೆ ಒಂದು ಸಲ ಕುಂಯ್ ಎಂದಿತು. ಆಮೇಲೆ ಅತ್ತಿತು. ದವಾಖಾನೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಚ್ಚಿದರು. ಸಂಜೆಯ ಹೊತ್ತಿಗೆ ಶಾಂತಾ ಎರಡು ಸಲ ವಾಂತಿ ಮಾಡಿಕೊಂಡು, ಕಣ್ಣು ತೆರೆದು, "ನನ್ನ ಕೂಸು?" ಎಂದಳು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. "ಹೊಗಿ ಕಣ್ಣಿಗೆ ಕಾಣತೈತಿ, ಮಂದಿ ಎದ್ದು ಓಡ್ತಾರ. ಕೆಂಡದ ಈ ವಿಷಗಾಳಿ ಕಾಣಾಂಗಿಲ್ಲ, ವಾಸನಿ ಇಲ್ಲ. ನಿದ್ದಿ ಹತ್ತಿಸಿ ಒಯ್ತೈತಿ. ಇನ್ನ ಅರ್ಧ ತಾಸು ತಡಾ ಆಗಿದ್ರ ನನ್ನ ಕೈಯಾಗ ಏನೂ ಇರತಿರಲಿಲ್ಲ."

ವರಾಂಡದಲ್ಲಿ ಮಲ್ಲವ್ವ ನನ್ನ ಕಾಲು ಹಿಡಿದಳು. "ನನ್ನ ಮಗಳ ಜೀವಾ, ಮೊಮ್ಮಗಳ ಜೀವಾ ಉಳಿಸಿದ ತಾಯಿ ನೀವು."

ನಾನು ಸುಮ್ಮನಿದ್ದೆ. ಈ ಬರಹದಲ್ಲಿ ಬರೆಯಲು ಕಷ್ಟವಾದ ವಾಕ್ಯ ಇದೊಂದೇ: ನಾನು ಸುಮ್ಮನಿದ್ದೆ.

ಕಚೇರಿಯಲ್ಲಿ ಪಾಟೀಲ ಸರ್ ಬಹಳ ಹೊತ್ತು ಹಣೆ ತಿಕ್ಕಿಕೊಂಡರು. "ಕಿಟಕ್ಯಾಗ ಸೀರಿ ತುರುಕಿದ್ರು ಅಂತೀರಿ. ಅದೂ ಖರೇನ ಅಲ್ಲ? ಅಷ್ಟ ಬರೀರಿ. ಎಲ್ಲಾರೂ ಉಳದಾರಲ್ಲ, ಸಾಕು." ಅವರು ಕೆಟ್ಟವರಲ್ಲ. ಸಂಸ್ಥೆ ಮುಚ್ಚೀತು ಎಂದು ಹೆದರಿದ್ದರು. ನಾನು ವರದಿಯ ಹಾಳೆಯನ್ನು ಚೀಲದಲ್ಲಿ ಇಟ್ಟುಕೊಂಡು ಇಂಡಿಗೆ ಬಂದೆ. ಎಂಟು ದಿನ ಅದು ಖಾಲಿಯೇ ಇತ್ತು.

ಒಂಬತ್ತನೆಯ ದಿನ ಆ ಊರಿನ ಮಹಿಳಾ ಸಂಘದವರು ಫೋನು ಮಾಡಿದರು. "ಅಕ್ಕಾರ, ಸೋಮವಾರ ಬರಬೇಕ್ರಿ. ಸಂಘದಿಂದ ನಿಮಗ ಸನ್ಮಾನ ಇಟ್ಕೊಂಡೇವಿ." ಶಾಲು, ತೆಂಗಿನಕಾಯಿ, ಕುಬಸದ ಕಣ. ಫೋನು ಇಟ್ಟು ಹಿತ್ತಲಿಗೆ ಹೋಗಿ ನಿಂತೆ. ಸೋಮವಾರದವರೆಗೆ ಕಾಯಲು ಆಗಲಿಲ್ಲ. ಮರುದಿನವೇ ಮೊದಲ ಬಸ್ಸು ಹತ್ತಿದೆ.

ಶಾಂತಾ ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದಳು, ಕೂಸು ತೊಡೆಯ ಮೇಲೆ. ಹತ್ತು ದಿನದಲ್ಲಿ ಮಲ್ಲವ್ವ ಅರ್ಧ ಇಳಿದುಹೋಗಿದ್ದಳು. ನನ್ನನ್ನು ಕಂಡು ಎದ್ದು, ಕಣ್ಣೊರೆಸಿಕೊಂಡಳು.

"ನನ್ನ ಕೈಲೇ ಆತಲ್ರಿ ಅಕ್ಕಾರ. ಕಿಟಕಿಗೆ ಸೀರಿ ತುರುಕಿದಾಕಿ ನಾನ. ಗಂಟಲಾಗ ತುತ್ತು ಇಳಿವಲ್ದು ನನಗ. ಹೆತ್ತ ತಾಯಿನ ಮಗಳ ಉಸರು ಕಟ್ಟಿದ್ಲು ಅಂತಾರ ಮಂದಿ."

ನಾನು ಸುಮ್ಮನಿದ್ದ ಅಷ್ಟೂ ದಿನ ನನ್ನ ತಪ್ಪನ್ನು ಈ ತಾಯಿ ಹೊತ್ತಿದ್ದಳು.

"ನೀವಲ್ರಿ ಮಲ್ಲವ್ವಾರ" ಎಂದೆ. ನಿಂತುಕೊಂಡೇ ಹೇಳಿದೆ. "ಪೈಪಿನ ತಗಡು ಪೂರಾ ಮುಚ್ಚಿದಾಕಿ ನಾನು. ಮುಟ್ಟಬ್ಯಾಡ್ರಿ ಅಂತ ನಿಮಗ ಹೇಳಿದಾಕೀನೂ ನಾನ. ಪೈಪು ಗಿಡ್ಡ ಐತಿ ಅಂತ ನನಗ ಗೊತ್ತಿತ್ತು. ಮಲಗೂ ಖೋಲ್ಯಾಗ ಆ ಒಲಿ ಇಡಬಾರದಿತ್ತು. ನೀವು ನಾ ಹೇಳಿದಂಗ ಮಾಡೀರಿ. ತಪ್ಪು ನಂದು."

ಮಲ್ಲವ್ವ ನನ್ನನ್ನು ನೋಡುತ್ತಲೇ ಇದ್ದಳು. ಆಕೆಯ ಮುಖದ ಮೇಲಿಂದ ಒಂದು ಭಾರ ಇಳಿಯುವುದನ್ನೂ, ಅದರ ಜಾಗದಲ್ಲಿ ಇನ್ನೊಂದು ಏರುವುದನ್ನೂ ಕಂಡೆ.

"ದವಾಖಾನ್ಯಾಗ ಯಾಕ ಹೇಳಲಿಲ್ಲ?" ಎಂದಳು.

"ಅಂಜಿದೆ."

"ನೀವು ಇನ್ನ ಹೋಗ್ರಿ" ಎಂದಳು. ಹೋದೆ.

ಬಸ್ಸಿನಲ್ಲೇ ವರದಿ ಬರೆದೆ. ಅಕ್ಷರಗಳು ಕುಲುಕಿ ವಕ್ರವಾದವು, ಹಾಗೆಯೇ ಕೊಟ್ಟೆ. ಪಾಟೀಲ ಸರ್ ಎರಡು ಸಲ ಓದಿದರು. ಬೈಯುತ್ತಾರೆಂದುಕೊಂಡೆ. ಅವರು ಎದ್ದು ಹೋಗಿ ಉಗ್ರಾಣದಿಂದ ಒಂದು ದುಂಡು ತಗಡನ್ನೂ ತಗಡು ಕೊಯ್ಯುವ ಪತ್ರಾ ಕತ್ತರಿಯನ್ನೂ ತಂದು, ರೊಟ್ಟಿಯ ಕಾಲು ತುಂಡು ಮುರಿದ ಹಾಗೆ ತಗಡಿನ ಕಾಲು ಭಾಗ ಕತ್ತರಿಸಿ ತೆಗೆದರು. 

"ಇನ್ನ ಇದು ಎಷ್ಟ ಅಡ್ಡ ತಿರುಗಿಸಿದ್ರೂ ಪೂರಾ ಮುಚ್ಚಾಂಗಿಲ್ಲ. ವಿನ್ಯಾಸ ಒಪ್ಪಿದಾಂವ ನಾನು, ಹಸೀನಾ ಬಾಯಿ. ವರದ್ಯಾಗ ನನ್ನ ಹೆಸರೂ ಬರೀರಿ" ಎಂದರು. ಆಮೇಲೆ ಕೇಳಿದರು, "ಎಲ್ಲಾ ಮನಿಗೂ ಯಾರು ಹೋಗ್ತಾರ?"

"ನಾ ಹೋಗ್ತೇನ್ರಿ."

ಆ ಚಳಿಗಾಲವೆಲ್ಲ ತಿರುಗಿದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ಮುಂಜಾನೆಯ ಬಸ್ಸಿನ ಕಿಟಕಿಯಾಚೆ ಬಿಳಿಜೋಳದ ಹೊಲಗಳು ಮಂಜಿನಲ್ಲಿ ತೇಲಿ ಬರುತ್ತಿದ್ದವು, ತೆನೆಗಳಷ್ಟೇ ಕಾಣುತ್ತಿದ್ದವು, ಬುಡ ಕಾಣುತ್ತಿರಲಿಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವೆ ನಾನು ಆ ಕೋಣೆಯ ಬಾಗಿಲನ್ನು ಮತ್ತೆ ಮತ್ತೆ ನೂಕುತ್ತಿದ್ದೆ. ಬಸ್ಸು ನಿಂತಾಗ ಇಳಿಯುತ್ತಿದ್ದೆ. ಪ್ರತಿ ಮನೆಯಲ್ಲೂ ಪೈಪು ಬಿಚ್ಚಿ, ತಗಡಿನ ಕಾಲು ಭಾಗ ಕತ್ತರಿಸಿ, ಮತ್ತೆ ಜೋಡಿಸಿ, ಯಾಕೆ ಕತ್ತರಿಸಿದೆ ಎಂದು ಹೇಳುತ್ತಿದ್ದೆ. ನಡೆದದ್ದೆಲ್ಲವನ್ನೂ, ನನ್ನ ಹೆಸರು ಸೇರಿಸಿಯೇ ಹೇಳುತ್ತಿದ್ದೆ. ಕೆಲವರು ಅಲ್ಲೇ ಒಲೆ ವಾಪಸು ಕೊಟ್ಟರು. ಹೆಚ್ಚಿನವರು ಚಹಾ ಕೊಟ್ಟರು. ಮಲಗುವ ಕೋಣೆಯಲ್ಲಿ ಒಲೆ ಬೇಡ, ಕಿಟಕಿ ಎಂದೂ ಪೂರ್ತಿ ಮುಚ್ಚಬೇಡಿ, ಪೈಪು ಅಕ್ಕಪಕ್ಕದ ಗೋಡೆಗಿಂತ ಮೇಲಿರಲಿ ಎಂದು ಗೋಡೆಯ ಮೇಲೆ ಸುಣ್ಣದಿಂದ ಬರೆದೆ. ಅಂಕಿಗಳನ್ನು ಅದರ ಕೆಳಗೆ ಬರೆದೆ.

ಮಲ್ಲವ್ವನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಶಿವರಾತ್ರಿ ಹತ್ತಿರ ಬಂದಿತ್ತು, ಬಿಸಿಲು ಚುರುಕಾಗುತ್ತಿತ್ತು. ಒಲೆಯನ್ನು ಅಂಗಳದ ಮೂಲೆಗೆ ತಂದು, ಮೇಲೆ ಗೋಣಿಚೀಲ ಮುಚ್ಚಿಟ್ಟಿದ್ದರು. ಬಾಗಿಲಲ್ಲಿ ನಿಂತು, "ತಗಡು ಕತ್ತರಿಸಾಕ ಬಂದೇನ್ರಿ. ಬ್ಯಾಡಂದ್ರ ಒಲಿ ಹೊತ್ಕೊಂಡು ಹೋಗ್ತೇನಿ" ಎಂದೆ.

ಮಲ್ಲವ್ವ ಒಳಗಿದ್ದಳು, ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಹೊರಗೆ ಬಂದವಳು ಶಾಂತಾ.

"ಕತ್ತರಸ್ರಿ" ಎಂದಳು. "ನನಗೂ ತೋರಸ್ರಿ, ಎಷ್ಟು ಕತ್ತರಸಬೇಕು, ಎಲ್ಲಿ ತಿರುಗಸಬೇಕು. ಮುಂದಿನ ವಾರ ಗಂಡನ ಮನಿಗೆ ಹೊಂಟೇನಿ. ಅಲ್ಲೂ ಇಂಥಾ ಒಲಿ ಅದಾವ. ಇನ್ನೊಬ್ಬರು ಹೇಳಿದ್ದು ಕೇಳ್ಕೊಂಡು ಕುಂಡ್ರೂದಿಲ್ಲ ನಾನು."

ತೋರಿಸಿದೆ. ತಗಡು, ಸುರುಳಿ, ಕಿಂಡಿ, ಪೈಪು. ಅವಳು ಕತ್ತರಿ ಹಿಡಿದು ತಾನೇ ಕತ್ತರಿಸಿದಳು. ಅಂಚು ನನ್ನದಕ್ಕಿಂತ ನೇರವಾಗಿ ಬಂತು. ನಡುವೆ ಕೂಸು ಎಚ್ಚರಾಗಿ ಅತ್ತಿತು. ಅವಳ ಕೈ ಮಸಿಯಾಗಿದ್ದವು. ಒಂದು ಗಳಿಗೆ ನನ್ನನ್ನು ನೋಡಿ, "ಎತ್ಕೊಳ್ರಿ" ಎಂದಳು.

ನನ್ನ ಕೈಯನ್ನು ಸೀರೆಗೆ ಒರೆಸಿ ಒರೆಸಿ ಎತ್ತಿಕೊಂಡೆ. ಕಟ್ಟೆಗೆ ಒರಗಿ ಕುಳಿತೆ. ಕೂಸು ನನ್ನ ಎದೆಯ ಮೇಲೆ ಮುಖ ತಿಕ್ಕಿ, ಬಾಯಿ ಚಪ್ಪರಿಸಿ, ಸುಮ್ಮನಾಯಿತು. ಮೂಗಿನ ಕೆಳಗೆ ಬೆರಳಿಟ್ಟೆ. ಉಸಿರು ತಾಗಿತು. ಎಣಿಸತೊಡಗಿದೆ. ಒಂದು, ಎರಡು, ಮೂರು. ಎಷ್ಟರವರೆಗೆ ಎಣಿಸಿದೆನೋ ತಿಳಿಯದು. ಅಂಗಳದಲ್ಲಿ ಬಿಸಿಲಿತ್ತು, ಮೇಲೆ ಬರೀ ಆಕಾಶ.

ಕಣ್ಣು ತೆರೆದಾಗ ಮಲ್ಲವ್ವ ಎದುರಿಗೆ ನಿಂತಿದ್ದಳು. ಕೈಯಲ್ಲಿ ಗಂಗಾಳ, ಅದರಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ನನಗೂ ಕೂಸಿಗೂ ಸೇರಿಸಿ ಯಾರೋ ಒಂದು ಕೌದಿ ಹೊದಿಸಿದ್ದರು.

"ಏಳ್ರಿ" ಎಂದಳು ಮಲ್ಲವ್ವ, ನಗದೆ. "ಉಂಡು ಹೋಗ್ರಿ."